ಹಳೇ ಹಿಟ್ಟಿನ ಮುದ್ದೆ: ಸಿ ಭಾಷೆ ಮತ್ತು ಮೇಕ್ ಬಂದ ಕತೆ

ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಆರ್‌ಎನ್‌ಎಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಗ್ಲೋಬಲ್ ಅಕಾಡೆಮಿ ಆಫ್ ಟೆಕ್ನಾಲಜಿ ಎರಡೂ 2001ರಲ್ಲಿ ಶುರುವಾದವು. ಕನ್ನಡ ಮಾಧ್ಯಮದಲ್ಲಿ ಓದಿ ಹಳ್ಳಿಯಿಂದ ಇಂಥ ಎಂಜಿನಿಯರಿಂಗ್ ಕಾಲೇಜಿಗೆ ಬರುವವರಿಗೆ ಬೇಗನೆ ಎದುರಾಗುವುದು ಸಿ ಭಾಷೆ. ಪ್ರೋಗ್ರಾಂ ಓಡದಿದ್ದರೆ 'ಇದು ನಮ್ಮಂಥವರಿಗಲ್ಲ' ಎಂದು ಕೈಬಿಡುವವರೂ ಉಂಟು. ಅದರ ಚರಿತ್ರೆ ತಿಳಿದರೆ ಆ ಭಯ ಅರ್ಧ ಇಳಿಯುತ್ತದೆ.

1972ರ ಸುಮಾರಿಗೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ ಸಿ ಭಾಷೆಯನ್ನು ರೂಪಿಸಿದರು. ಅದರಲ್ಲಿ ಬರೆದದ್ದು ಕಂಪ್ಯೂಟರಿಗೆ ನೇರವಾಗಿ ತಿಳಿಯದು. ರಾಗಿಯನ್ನು ಗಿರಣಿ ಹಿಟ್ಟು ಮಾಡುವ ಹಾಗೆ, ಕಂಪೈಲರ್ ಅದನ್ನು ಯಂತ್ರದ ಭಾಷೆಗೆ ತಿರುಗಿಸಬೇಕು. ದೊಡ್ಡ ಪ್ರೋಗ್ರಾಂನಲ್ಲಿ ಹತ್ತಾರು ಫೈಲುಗಳಿರುತ್ತವೆ. ಒಂದೊಂದನ್ನೂ ಕಂಪೈಲ್ ಮಾಡಿ, ಕೊನೆಗೆ ಎಲ್ಲವನ್ನೂ ಜೋಡಿಸಬೇಕು.

ಬೆಲ್ ಲ್ಯಾಬ್ಸ್‌ನವರೇ ಆದ ಸ್ಟೀವ್ ಜಾನ್ಸನ್ ಒಮ್ಮೆ ಬೆಳಗಿನ ಹೊತ್ತೆಲ್ಲ ತಮ್ಮ ಪ್ರೋಗ್ರಾಂನಲ್ಲಿ ತಪ್ಪು ಹುಡುಕಿದರು. ತಪ್ಪನ್ನು ಆಗಲೇ ತಿದ್ದಿಯಾಗಿತ್ತು. ತಿದ್ದಿದ ಫೈಲನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ, ಅಷ್ಟೆ. ರಾಗಿಯ ಕಲ್ಲು ಆರಿಸಿಟ್ಟು, ಹಳೇ ಹಿಟ್ಟಲ್ಲೇ ಮುದ್ದೆ ಕಟ್ಟಿದಂತಾಯಿತು. ಸಿಟ್ಟಿನಿಂದ ಅವರು ಸ್ಟುವರ್ಟ್ ಫೆಲ್ಡ್‌ಮನ್ ಕೋಣೆಗೆ ಹೋದರು. ಹಿಂದಿನ ಸಂಜೆ ಫೆಲ್ಡ್‌ಮನ್‌ಗೂ ಅದೇ ಪಾಡಾಗಿತ್ತು. 1976ರಲ್ಲಿ ಅವರು 'ಮೇಕ್' ಎಂಬ ಸಾಧನ ಬರೆದರು. ಕಾಳು ಹಿಟ್ಟಿಗಿಂತ ಹೊಸದೋ ಎಂದು ಫೈಲಿನ ಸಮಯ ನೋಡುವುದು ಅದರ ಕೆಲಸ. ಹೊಸದಾಗಿದ್ದರೆ ಅದನ್ನಷ್ಟೇ ಮತ್ತೆ ಕಂಪೈಲ್ ಮಾಡಿಸುತ್ತದೆ, ಉಳಿದದ್ದನ್ನು ಮುಟ್ಟುವುದಿಲ್ಲ.

ಮೇಕ್‌ನಲ್ಲಿ ಆದೇಶದ ಸಾಲು ಟ್ಯಾಬ್ ಕೀಲಿಯಿಂದಲೇ ಶುರುವಾಗಬೇಕು. ಇದು ತೊಡಕೆಂದು ಫೆಲ್ಡ್‌ಮನ್‌ಗೆ ಬೇಗನೆ ತಿಳಿಯಿತು. ಆದರೆ ಅಷ್ಟರಲ್ಲಿ ಹತ್ತು ಹನ್ನೆರಡು ಮಂದಿ ಬಳಸುತ್ತಿದ್ದರು. ಅವರಿಗೆ ತೊಂದರೆ ಬೇಡವೆಂದು ಹಾಗೇ ಬಿಟ್ಟರು. ಟ್ಯಾಬ್ ಬದಲು ಸ್ಪೇಸ್ ಒತ್ತಿದ ಹೊಸಬರು ಇವತ್ತಿಗೂ ಅಲ್ಲೇ ಎಡವುತ್ತಾರೆ. ಇದೇ ಮೇಕ್‌ಗಾಗಿ ಫೆಲ್ಡ್‌ಮನ್‌ಗೆ 2003ರ ಎಸಿಎಂ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿ ಬಂತು.

ಕಲಿಯಲು ದುಡ್ಡೂ ಬೇಕಿಲ್ಲ. 1987ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಜಿಸಿಸಿ ಕಂಪೈಲರನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಲ್ಯಾಪ್‌ಟಾಪ್ ಇಲ್ಲದಿದ್ದರೆ ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಆ್ಯಪ್ ಹಾಕಿಕೊಂಡು, ಅದರೊಳಗೆ ಕ್ಲ್ಯಾಂಗ್ ಕಂಪೈಲರ್ ಮತ್ತು ಮೇಕ್ ಇಳಿಸಿಕೊಳ್ಳಬಹುದು. ಮೊದಲು ಒಂದೇ ಫೈಲಿನ ಪುಟ್ಟ ಪ್ರೋಗ್ರಾಂ ಬರೆಯಿರಿ, ಕಂಪೈಲ್ ಮಾಡಿ, ಓಡಿಸಿ. ಎರಡು ಫೈಲಾದ ಮೇಲೆ ಮೇಕ್ ಹಿಡಿಯಿರಿ.

ತಿದ್ದಿದ ಮೇಲೂ ಹಳೇ ಉತ್ತರವೇ ಬಂದರೆ ಗಾಬರಿ ಬೇಡ. ಹಿಟ್ಟು ಹಳೆಯದಿರಬಹುದೇ, ಮೊದಲು ನೋಡಿ.