ಇಂಗ್ಲೆಂಡಿನ ಹಳ್ಳಿಯ ಕಂದಾಯ ಪಟ್ಟಿ



ಕಂದಾಯ ಕಟ್ಟಿ ರಸೀತಿಯನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡುವುದು ನಮ್ಮ ಹಿರಿಯರ ರೂಢಿ. ಕಾಗದ ಹೋದರೆ ಹೊಲವೇ ಹೋದ ಹಾಗೆ ಅಂತ ಅವರ ಭಯ. ಈ ಭಯ ನಮ್ಮಲ್ಲಿ ಮಾತ್ರ ಇತ್ತೆಂದು ತಿಳಿಯಬೇಡಿ. ನಮ್ಮನ್ನು ಆಳಿದ ಇಂಗ್ಲಿಷರ ಸ್ವಂತ ಹಳ್ಳಿಗಳಲ್ಲೂ ಕಂದಾಯದ ಪಟ್ಟಿಗೆ ಅಷ್ಟೇ ಬೆಲೆ ಇತ್ತು.

1690ರ ದಶಕದಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ. ಆ ಖರ್ಚಿಗಾಗಿ ಭೂಮಿಯ ಮೇಲೆ ತೆರಿಗೆ ಹಾಕಿದರು. ಯುದ್ಧದ ವರ್ಷಗಳಲ್ಲಿ ದರ ಪೌಂಡಿಗೆ 4 ಷಿಲಿಂಗು. ಆಗ ಪೌಂಡಿಗೆ 20 ಷಿಲಿಂಗು. ಅಂದರೆ ವರ್ಷದ ಗೇಣಿಯ ಬೆಲೆಯಲ್ಲಿ ಐದರಲ್ಲೊಂದು ಪಾಲು! 1698ರಲ್ಲಿ ಒಂದೊಂದು ಜಿಲ್ಲೆ ಕೊಡಬೇಕಾದ ಮೊತ್ತವನ್ನು ಗೊತ್ತುಮಾಡಿದರು. ಅದನ್ನು ಊರೂರಿಗೆ ಹಂಚಿದರು. ಊರಿನವರೇ ಕೆಲವರು ಲೆಕ್ಕ ಹಾಕಿ ವಸೂಲಿ ಮಾಡುತ್ತಿದ್ದರು. ಊರಿನ ಪಾಲು ಮಾತ್ರ ಬಹುಕಾಲ ಬದಲಾಗಲಿಲ್ಲ. ಹೀಗಾಗಿ ಬೇಸಾಯ ಸುಧಾರಿಸಿದ ಊರಿಗೆ ತೆರಿಗೆ ಹಗುರ, ಹಿಂದುಳಿದ ಊರಿಗೆ ಭಾರ.

ಪಟ್ಟಿಯಲ್ಲಿ ಏನಿರುತ್ತಿತ್ತು ಅಂತೀರಾ? ಭೂಮಿಯ ಒಡೆಯ ಯಾರು, ಉಳುವವನು ಯಾರು, ತೆರಿಗೆ ಎಷ್ಟು, ಇಷ್ಟೇ. ಆದರೆ 1780ರಲ್ಲಿ ಬಂದ ಕಾನೂನಿನಿಂದ ಈ ಸಾದಾ ಕಾಗದಕ್ಕೆ ಹೊಸ ಬಲ ಬಂತು. ಜಿಲ್ಲೆಯ ಚುನಾವಣೆಯಲ್ಲಿ ಮತ ಹಾಕಲು ವರ್ಷಕ್ಕೆ 40 ಷಿಲಿಂಗು ಬೆಲೆಯ ಸ್ವಂತ ಭೂಮಿ ಇರಬೇಕಿತ್ತು. ಆ ಭೂಮಿಗೆ ತೆರಿಗೆ ಬಿದ್ದಿದೆ ಎಂಬುದಕ್ಕೆ ಈ ಪಟ್ಟಿಯೇ ಸಾಕ್ಷಿಯಾಯಿತು. ಭೂಮಿ ಪಟ್ಟಿಗೆ ಸೇರದಿದ್ದರೆ ಮತಕ್ಕೇ ಸಂಚಕಾರ. ವಿಧವೆಯರ ಹೆಸರೂ ಪಟ್ಟಿಯಲ್ಲಿ ಬರುತ್ತಿತ್ತು. ಆ ತಾಯಂದಿರು ತೆರಿಗೆ ಕಟ್ಟಬೇಕು, ಮತ ಮಾತ್ರ ಹಾಕುವಂತಿಲ್ಲ. ಎಂಥ ನ್ಯಾಯ ನೋಡಿ!

1832ರಲ್ಲಿ ಮತದಾರರ ಪಟ್ಟಿಯೇ ಬೇರೆಯಾಯಿತು. ಅಲ್ಲಿಯವರೆಗೆ ಜಿಲ್ಲಾ ಕಚೇರಿಗೆ ಕಳಿಸಿದ ಪ್ರತಿಗಳು ಹಲವು ಕಡೆ ಇಂದಿಗೂ ಉಳಿದಿವೆ. ಆ ಕಾಲದಲ್ಲೇ ಅಲ್ಲಿನ ಎಷ್ಟೋ ಊರುಗಳಲ್ಲಿ ಬಯಲು ಹೊಲಗಳನ್ನೂ ಗೋಮಾಳಗಳನ್ನೂ ಕಾಯಿದೆ ಮಾಡಿ ಬೇಲಿ ಹಾಕಿ ಹಂಚಿದರು. ಬಡ ಒಕ್ಕಲಿಗನ ಭೂಮಿ ಏನಾಯಿತು? ಇತಿಹಾಸಕಾರರು ವರ್ಷ ವರ್ಷದ ಪಟ್ಟಿಗಳನ್ನು ಪಕ್ಕ ಪಕ್ಕ ಇಟ್ಟು ಹುಡುಕುತ್ತಾರೆ. ಆದರೆ ಆತುರ ಕೂಡದು. ಸಣ್ಣ ಹಿಡುವಳಿದಾರರನ್ನು ಕೆಲವೊಮ್ಮೆ ‘ಇತರರು’ ಎಂದು ಒಟ್ಟಿಗೆ ಬರೆದುಬಿಡುತ್ತಿದ್ದರು. ಹೆಸರಿಲ್ಲ ಎಂದ ಮಾತ್ರಕ್ಕೆ ಭೂಮಿ ಇರಲಿಲ್ಲ ಎನ್ನಲಾಗದು.

1798ರಲ್ಲಿ ಈ ತೆರಿಗೆಯನ್ನು ಕಾಯಂ ಮಾಡಿದರು. ಒಂದೇ ಸಲ ದೊಡ್ಡ ಮೊತ್ತ ಕಟ್ಟಿ ಬಿಡುಗಡೆ ಪಡೆಯಲೂ ದಾರಿ ಕೊಟ್ಟರು. ಕೈಯಲ್ಲಿ ಹಣವಿದ್ದವರಿಗೆ ಅನುಕೂಲವಾಯಿತು. 1963ರಲ್ಲಿ ತೆರಿಗೆಯೇ ರದ್ದಾಯಿತು.

ತೆರಿಗೆ ಹೋಯಿತು, ಕಾಗದ ಉಳಿಯಿತು. ಬರೆದದ್ದೇ ಕೊನೆಗೆ ಮಾತಾಡುವುದು. ನಿಮ್ಮ ಪಹಣಿಯಲ್ಲಿ ಹೆಸರು, ಸರ್ವೆ ನಂಬರು, ವಿಸ್ತೀರ್ಣ ಸರಿಯಾಗಿವೆಯೇ? ತೀರಿಕೊಂಡ ಅಜ್ಜನ ಹೆಸರೇ ಇನ್ನೂ ಇದೆಯೇ? ಬಿಡುವಾದಾಗ ನೋಡೋಣ ಎನ್ನಬೇಡಿ, ಈ ವಾರವೇ ನೋಡಿ.