ವಾಚ್‌ನಲ್ಲಿ ಕಾಣೋ ‘ಎಚ್‌ಆರ್‌ವಿ’ ಅಂದ್ರೆ ಏನು? ಶುಗರ್‌ಗೂ ಹೃದಯಕ್ಕೂ ಇರುವ ನಂಟೇನು?

2025ರ ಜೂನ್‌–ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳು ಸುದ್ದಿಯಾದಾಗ, ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. ಹಳದಿ ಮಾರ್ಗದ ಮೆಟ್ರೊದಲ್ಲಿ ಬಿಟಿಎಂ ಲೇಔಟ್‌ನಿಂದ ಆ ಆಸ್ಪತ್ರೆ ಈಗ ಒಂದೇ ಸ್ಟಾಪ್. ಆದರೆ ಹೃದಯದ ತೊಂದರೆ ಎಷ್ಟೋ ಸಲ ಶುರುವಾಗೋದು ಎದೆನೋವಿನಿಂದಲ್ಲ, ರಕ್ತದ ಸಕ್ಕರೆಯಿಂದ.

ಏನಿದು ಎಚ್‌ಆರ್‌ವಿ?

ನಿಮಿಷಕ್ಕೆ 60 ಬಡಿತ ಅಂದರೆ ಸೆಕೆಂಡಿಗೆ ಸರಿಯಾಗಿ ಒಂದು ಬಡಿತ ಅಂತಲ್ಲ. ಎರಡು ಬಡಿತಗಳ ನಡುವಿನ ಅಂತರ ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಹೆಚ್ಚುಕಮ್ಮಿ ಆಗ್ತಲೇ ಇರುತ್ತೆ. ಈ ಏರಿಳಿತವೇ ಎಚ್‌ಆರ್‌ವಿ. ಉಸಿರು ಎಳೆದಾಗ ಬಡಿತ ಚುರುಕು, ಬಿಟ್ಟಾಗ ನಿಧಾನ. ಇದನ್ನು ನಡೆಸೋದು ವೇಗಸ್ ನರ. ಏರಿಳಿತ ಇದ್ದರೆ ಒಳ್ಳೆಯದು. ತೀರಾ ಕಮ್ಮಿಯಾದರೆ ನರಗಳ ಹಿಡಿತ ಸಡಿಲವಾಗಿದೆ ಅಂತ ಅನುಮಾನಿಸಬೇಕು.

ಶುಗರ್ ಏನು ಮಾಡುತ್ತೆ?

ಹೆಚ್ಚಿದ ಸಕ್ಕರೆ ಕಾಲಿನ ನರಗಳನ್ನು ಹಾಳುಮಾಡುವಂತೆ ಹೃದಯದ ನರಗಳನ್ನೂ ಹಾಳುಮಾಡುತ್ತೆ. ಆಗ ಕೂತಲ್ಲೇ ಬಡಿತ ಜೋರಾಗಬಹುದು, ಎದ್ದು ನಿಂತರೆ ಬಿಪಿ ಕುಸಿಯಬಹುದು. ಹೃದಯಾಘಾತವಾದರೂ ನೋವು ಗೊತ್ತಾಗದೇ ಹೋಗಬಹುದು; ಇದೇ ದೊಡ್ಡ ಅಪಾಯ. ಈ ಸವೆತ ಪ್ರಿಡಯಾಬಿಟಿಸ್ ಹಂತದಲ್ಲೇ ಶುರುವಾಗಬಹುದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲಿ, ಡಯಾಬಿಟಿಸ್ ಇದ್ದವರಲ್ಲಷ್ಟೇ ಅಲ್ಲ, ಖಾಲಿ ಹೊಟ್ಟೆಯ ಸಕ್ಕರೆ ತುಸು ಹೆಚ್ಚಿದ್ದವರಲ್ಲೂ ಎಚ್‌ಆರ್‌ವಿ ಕಮ್ಮಿ ಇತ್ತು.

ವಾಚ್ ನಂಬಬಹುದಾ?

ವಯಸ್ಸು, ನಿದ್ದೆ, ಮದ್ಯ, ಒತ್ತಡ, ಕೆಲವು ಮಾತ್ರೆ – ಎಲ್ಲವೂ ಈ ಸಂಖ್ಯೆಯನ್ನು ಬದಲಿಸುತ್ತವೆ. ಹಾಗಾಗಿ ಸ್ನೇಹಿತರ ಸಂಖ್ಯೆ ಜೊತೆ ಹೋಲಿಸಿ ಗಾಬರಿಯಾಗಬೇಡಿ. ಸಂಖ್ಯೆ ಚೆನ್ನಾಗಿದೆ ಅಂತ ಶುಗರ್ ಟೆಸ್ಟ್ ಬಿಡಲೂಬೇಡಿ. ಡಾಕ್ಟರು ಮಾಡೋ ಪರೀಕ್ಷೆಗೆ ದುಬಾರಿ ವಾಚ್ ಬೇಡ. ಒಂದು ನಿಮಿಷದಲ್ಲಿ ಆರು ಸಲ ಆಳವಾಗಿ ಉಸಿರಾಡಿಸಿ ಇಸಿಜಿ ತೆಗೀತಾರೆ. ಗರಿಷ್ಠ, ಕನಿಷ್ಠ ಬಡಿತಗಳ ವ್ಯತ್ಯಾಸ 15 ಅಥವಾ ಹೆಚ್ಚಿದ್ದರೆ ಸಹಜ, 10 ಅಥವಾ ಕಮ್ಮಿ ಇದ್ದರೆ ಅಸಹಜ ಅನ್ನೋದು ಹಳೆಯ ಅಳತೆ. ವಯಸ್ಸಾದವರಲ್ಲಿ ಈ ವ್ಯತ್ಯಾಸ ತಾನಾಗೇ ಇಳಿಯುತ್ತೆ.

ಇದರಲ್ಲಿ ರಾಜಕೀಯ ಎಲ್ಲಿದೆ?

2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಡಯಾಬಿಟಿಸ್, 13.6 ಕೋಟಿ ಜನರಿಗೆ ಪ್ರಿಡಯಾಬಿಟಿಸ್ ಇದೆ. ಸರ್ಕಾರದ ಅಸಾಂಕ್ರಾಮಿಕ ರೋಗ ತಪಾಸಣೆ ಶುರುವಾಗೋದು 30 ವರ್ಷಕ್ಕೆ. ಬಿಟಿಎಂನ ಪಿಜಿಗಳಲ್ಲಿ ಇರೋ, ರಾತ್ರಿ ಪಾಳಿ ಮಾಡೋ, ಬೈಕಲ್ಲಿ ಊಟ ತಲುಪಿಸೋ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ಆ ಗೆರೆಯ ಈಚೆಗೇ ಉಳೀತಾರೆ. ವಾಚ್ ಕೊಳ್ಳೋರಿಗೆ ದಿನಕ್ಕೊಂದು ಸಂಖ್ಯೆ ಸಿಗುತ್ತೆ, ಉಳಿದವರಿಗೆ ಒಂದು ಶುಗರ್ ಟೆಸ್ಟೂ ಇಲ್ಲ.

ಮನೆಯಲ್ಲಿ ಶುಗರ್ ಇದ್ದರೆ, ಸೊಂಟದ ಸುತ್ತಳತೆ ಏರ್ತಿದ್ದರೆ, 30 ಆಗಲಿ ಅಂತ ಕಾಯಬೇಡಿ. ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಪ್ರಿಡಯಾಬಿಟಿಸ್. ನಡಿಗೆ, ನಿದ್ದೆ, ತೂಕ ಇಳಿಸೋದರಿಂದ ಅದನ್ನು ಹಿಂದಕ್ಕೆ ತಿರುಗಿಸೋ ಅವಕಾಶ ಇನ್ನೂ ಇರುತ್ತೆ. ತಪಾಸಣೆಯ ವಯಸ್ಸು ಇಳಿಸಿ, ಹತ್ತಿರದ ನಮ್ಮ ಕ್ಲಿನಿಕ್‌ನಲ್ಲೇ ಇಸಿಜಿ ಕೊಡಿ ಅಂತ ಕೇಳೋದು ಯುವಜನರ ಹಕ್ಕು.