ಘಟಕ ಪರೀಕ್ಷೆಯಲ್ಲಿ ಸ್ವಯಂಚಾಲಿತ ಅವಲಂಬನಾ ಪೂರೈಕೆ

ಘಟಕ ಪರೀಕ್ಷೆಯಲ್ಲಿ ಸ್ವಯಂಚಾಲಿತ ಅವಲಂಬನಾ ಪೂರೈಕೆ ಎಂಬುದು ತಂತ್ರಾಂಶ ಪರೀಕ್ಷೆಯ ಒಂದು ವಿಧಾನ. ತಂತ್ರಾಂಶದ ಒಂದು ಕ್ಲಾಸನ್ನು ಉಳಿದ ಭಾಗಗಳಿಂದ ಬೇರ್ಪಡಿಸಿ ಪರೀಕ್ಷಿಸುವಾಗ, ಅದಕ್ಕೆ ಬೇಕಾದ ಇತರ ಆಬ್ಜೆಕ್ಟುಗಳನ್ನು ಪರೀಕ್ಷೆ ಬರೆಯುವವರು ತಾವೇ ಒಂದೊಂದಾಗಿ ಜೋಡಿಸುವುದಿಲ್ಲ. ಆ ಕೆಲಸವನ್ನು ಒಂದು ಲೈಬ್ರರಿಗೆ ಒಪ್ಪಿಸುತ್ತಾರೆ. ಜಾವಾ ಭಾಷೆಯಲ್ಲಿ ಮಾಕಿಟೋ ಲೈಬ್ರರಿಯ ‘ಇಂಜೆಕ್ಟ್‌ಮಾಕ್ಸ್’ ಸೌಲಭ್ಯ, ಡಾಟ್‌ನೆಟ್ ವೇದಿಕೆಯಲ್ಲಿ ಆಟೋಫಿಕ್ಸ್ಚರ್ ಮೊದಲಾದವು ಇದಕ್ಕೆ ಪ್ರಸಿದ್ಧ ಉದಾಹರಣೆಗಳು. ಪರೀಕ್ಷೆಯ ಬರವಣಿಗೆಯನ್ನು ಇದು ಗಣನೀಯವಾಗಿ ಕಡಿಮೆ ಮಾಡುತ್ತದೆ. ಆದರೆ ಜೋಡಣೆ ತಪ್ಪಿದಾಗ ಕೆಲವು ಲೈಬ್ರರಿಗಳು ಆ ವಿಷಯವನ್ನು ತಿಳಿಸದೆ ಸುಮ್ಮನಿರುವುದರಿಂದ, ಪರೀಕ್ಷೆಯ ಫಲಿತಾಂಶವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ಪ್ರಶ್ನೆಯೂ ಇದರೊಂದಿಗೇ ಬರುತ್ತದೆ.

ಪರಿಭಾಷೆ

ಇಲ್ಲಿ ‘ಕ್ಲಾಸ್’ ಎಂದರೆ ಶಾಲೆಯ ತರಗತಿಯಲ್ಲ. ಒಂದು ಬಗೆಯ ಆಬ್ಜೆಕ್ಟುಗಳಲ್ಲಿ ಯಾವ ಮಾಹಿತಿ ಇರಬೇಕು, ಅವು ಯಾವ ಕೆಲಸ ಮಾಡಬೇಕು ಎಂಬುದನ್ನು ನಿರೂಪಿಸುವ ಅಚ್ಚಿಗೆ ಆ ಹೆಸರು. ಅಚ್ಚಿನಿಂದ ಆಬ್ಜೆಕ್ಟ್ ರೂಪುಗೊಳ್ಳುವ ಕ್ಷಣದಲ್ಲಿ ನಡೆಯುವ ವಿಧಿಯೇ ಕನ್‌ಸ್ಟ್ರಕ್ಟರ್. ಆಬ್ಜೆಕ್ಟಿನ ಒಳಗೆ ಮಾಹಿತಿಯನ್ನು ಇರಿಸಿಕೊಳ್ಳುವ ಸ್ಥಾನಕ್ಕೆ ಫೀಲ್ಡ್ ಎಂದೂ, ಆ ಸ್ಥಾನವನ್ನು ಹೊರಗಿನಿಂದ ತುಂಬುವ ವಿಧಿಗೆ ಸೆಟ್ಟರ್ ಎಂದೂ ಹೆಸರು. ಒಂದು ಕ್ಲಾಸ್ ತನ್ನ ಕೆಲಸಕ್ಕೆ ಬೇರೊಂದರ ನೆರವನ್ನು ಪಡೆಯುವುದಾದರೆ ಆ ಬೇರೊಂದು ಇದರ ಅವಲಂಬನೆ.

ಇಂಗ್ಲಿಷಿನಲ್ಲಿ ಈ ತತ್ತ್ವವನ್ನು ಡಿಪೆಂಡೆನ್ಸಿ ಇಂಜೆಕ್ಷನ್ ಎನ್ನುತ್ತಾರೆ. ಇಂಜೆಕ್ಷನ್ ಎಂದೊಡನೆ ನಮಗೆ ನೆನಪಾಗುವುದು ಆಸ್ಪತ್ರೆಯ ಸೂಜಿ. ಬೇಕಾದ ವಸ್ತುವನ್ನು ಹೊರಗಿನವರು ಒಳಕ್ಕೆ ತಲುಪಿಸುತ್ತಾರೆ ಎಂಬಷ್ಟು ಅರ್ಥದಲ್ಲಿ ಈ ಹೋಲಿಕೆ ಸರಿಯೇ; ಆದರೂ ಕನ್ನಡದಲ್ಲಿ ‘ಪೂರೈಕೆ’ ಎಂಬ ಮಾತು ಹೆಚ್ಚು ಒಪ್ಪುವುದರಿಂದ ಈ ಲೇಖನದಲ್ಲಿ ಅದನ್ನೇ ಬಳಸಿದೆ. ಕ್ಲಾಸ್ ತನಗೆ ಬೇಕಾದುದನ್ನು ತಾನೇ ಸೃಷ್ಟಿಸಿಕೊಳ್ಳದೆ ಹೊರಗಿನಿಂದ ಪಡೆಯುವುದೇ ಇದರ ಸಾರ.

‘ಮಾಕ್’ ಎಂದರೆ ನಿಜವಾದ ಆಬ್ಜೆಕ್ಟಿನ ಸ್ಥಾನದಲ್ಲಿ ನಿಲ್ಲುವ ವೇಷಧಾರಿ. ಕೇಳಿದಾಗ ಇಂಥ ಉತ್ತರ ಕೊಡು ಎಂದು ಅದಕ್ಕೆ ಮೊದಲೇ ಹೇಳಿಕೊಡಬಹುದು. ಯಾರು ಎಷ್ಟು ಸಲ ತನ್ನನ್ನು ಕರೆದರು ಎಂಬುದನ್ನೂ ಅದು ನೆನಪಿಡುತ್ತದೆ.

ಅಗತ್ಯ

ಪರೀಕ್ಷಾ ಫಲಿತಾಂಶವನ್ನು ತಿಳಿಸುವ ಒಂದು ಕ್ಲಾಸನ್ನು ಊಹಿಸಿಕೊಳ್ಳಬಹುದು. ಅದಕ್ಕೆ ‘ಫಲಿತಾಂಶ ಪ್ರಕಟಣೆ’ ಎಂದು ಹೆಸರಿಡೋಣ. ವಿದ್ಯಾರ್ಥಿಯ ಅಂಕಗಳನ್ನು ಅಂಕಭಂಡಾರದಿಂದ ತರುವುದು, 35 ಅಥವಾ ಹೆಚ್ಚು ಅಂಕ ಬಂದಿದ್ದರೆ ತೇರ್ಗಡೆಯ ಸಂದೇಶವನ್ನು ಮೊಬೈಲಿಗೆ ಕಳುಹಿಸುವುದು, ಕಳುಹಿಸಿದ ಸಮಯವನ್ನು ಗುರುತು ಹಾಕಿಕೊಳ್ಳುವುದು ಇದರ ಕೆಲಸ. ಅಂಕಭಂಡಾರ, ಸಂದೇಶ ಸೇವೆ, ಗಡಿಯಾರ ಇವು ಮೂರು ಇದರ ಅವಲಂಬನೆಗಳು.

ನಿಜವಾದ ಸಂದೇಶ ಸೇವೆಯನ್ನು ಜೋಡಿಸಿ ಈ ಕ್ಲಾಸನ್ನು ಪರೀಕ್ಷಿಸಿದರೆ, ಪ್ರತಿ ಪ್ರಯೋಗಕ್ಕೂ ಯಾರದೋ ಮೊಬೈಲಿಗೆ ಸುಳ್ಳು ಫಲಿತಾಂಶ ಹೋದೀತು. ಆದ್ದರಿಂದ ಮೂರಕ್ಕೂ ಮಾಕ್‌ಗಳನ್ನು ಮಾಡಿ ಕನ್‌ಸ್ಟ್ರಕ್ಟರಿಗೆ ಕೊಡುತ್ತಾರೆ. ಒಂದು ಪರೀಕ್ಷೆಗಾದರೆ ಇದು ಕಷ್ಟವಲ್ಲ. ಆದರೆ ಇಂಥ ನಲವತ್ತು ಪರೀಕ್ಷೆಗಳಿದ್ದು, ಪ್ರತಿಯೊಂದರಲ್ಲೂ ಕನ್‌ಸ್ಟ್ರಕ್ಟರನ್ನು ಕರೆಯುವ ಸಾಲು ಇದೆ ಎನ್ನಿ. ಮುಂದೊಂದು ದಿನ ಕ್ಲಾಸಿಗೆ ನಾಲ್ಕನೆಯ ಅವಲಂಬನೆಯಾಗಿ ‘ದಾಖಲೆ ಪುಸ್ತಕ’ ಸೇರಿದರೆ, ಅದಕ್ಕೂ ತಮಗೂ ಸಂಬಂಧವೇ ಇಲ್ಲದ ನಲವತ್ತು ಪರೀಕ್ಷೆಗಳನ್ನೂ ತಿದ್ದಬೇಕಾಗುತ್ತದೆ. ಈ ತಿದ್ದುಪಡಿಯ ಹೊರೆಯನ್ನು ಇಳಿಸುವುದೇ ಸ್ವಯಂಚಾಲಿತ ಪೂರೈಕೆಯ ಮೂಲ ಉದ್ದೇಶ.

ಹಿನ್ನೆಲೆ

ಜಾವಾ ಕ್ರಮವಿಧಿಗಳ ಘಟಕ ಪರೀಕ್ಷೆಗೆ ಭದ್ರ ನೆಲೆ ಒದಗಿಸಿದ ಜೆಯೂನಿಟ್ ಅನ್ನು ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ 1997ರಲ್ಲಿ ಬರೆಯಲಾರಂಭಿಸಿದರು. ಮಾಕ್ ಆಬ್ಜೆಕ್ಟುಗಳ ಕಲ್ಪನೆಯನ್ನು ಟಿಮ್ ಮ್ಯಾಕಿನನ್, ಸ್ಟೀವ್ ಫ್ರೀಮನ್ ಮತ್ತು ಫಿಲಿಪ್ ಕ್ರೇಗ್ 2000ದಲ್ಲಿ ಒಂದು ಪ್ರಬಂಧದ ಮೂಲಕ ಮಂಡಿಸಿದರು. ಡಿಪೆಂಡೆನ್ಸಿ ಇಂಜೆಕ್ಷನ್ ಎಂಬ ಹೆಸರು ನೆಲೆಗೊಂಡದ್ದು ಮಾರ್ಟಿನ್ ಫೌಲರ್ 2004ರ ಜನವರಿಯಲ್ಲಿ ಪ್ರಕಟಿಸಿದ ಲೇಖನದಿಂದ. ಅದಕ್ಕೆ ಮೊದಲು ಬಳಕೆಯಲ್ಲಿದ್ದ ‘ನಿಯಂತ್ರಣದ ವಿಪರ್ಯಯ’ ಎಂಬ ಅರ್ಥದ ಹೆಸರು ತೀರ ವ್ಯಾಪಕವಾಯಿತೆಂಬುದು ಅವರ ಆಕ್ಷೇಪವಾಗಿತ್ತು. ಪರೀಕ್ಷೆಯಲ್ಲಿ ನಿಜವಾದವುಗಳ ಬದಲಿಗೆ ನಿಲ್ಲುವ ಎಲ್ಲ ಬಗೆಯ ಆಬ್ಜೆಕ್ಟುಗಳಿಗೆ ‘ಟೆಸ್ಟ್ ಡಬಲ್’ ಎಂಬ ಸಾಮಾನ್ಯ ಹೆಸರನ್ನು ಕೊಟ್ಟು, ಮಾಕ್ ಸೇರಿದಂತೆ ಅವುಗಳನ್ನು ವರ್ಗೀಕರಿಸಿದವರು ಜೆರಾರ್ಡ್ ಮೆಸ್ಜರೋಸ್. ಅವರ ಗ್ರಂಥ 2007ರಲ್ಲಿ ಹೊರಬಂದಿತು.

ಈ ನಡುವೆ ಸ್ಪ್ರಿಂಗ್, ಗೈಸ್ ಮುಂತಾದ ಕಂಟೇನರುಗಳು ನಿಜವಾದ ತಂತ್ರಾಂಶದಲ್ಲಿ ಅವಲಂಬನೆಗಳನ್ನು ತಾವಾಗಿಯೇ ಜೋಡಿಸತೊಡಗಿದ್ದವು. ಪರೀಕ್ಷೆಯಲ್ಲೂ ಅದೇ ಸೌಕರ್ಯ ಬೇಕೆಂಬ ಬಯಕೆ ಸಹಜವಾಗಿ ಹುಟ್ಟಿತು. ಅಗತ್ಯವಾದ ಮಾಕ್‌ಗಳನ್ನು ತಾನೇ ಸೃಷ್ಟಿಸಿ ಜೋಡಿಸುವ ಇಂಥ ಸಾಧನಗಳಿಗೆ ಆಟೋ-ಮಾಕಿಂಗ್ ಕಂಟೇನರ್ ಎಂಬ ಹೆಸರು ಬಂದಿತು.

ಮಾಕಿಟೋದ ಕಾರ್ಯವಿಧಾನ

ಮಾಕಿಟೋದ 1.8.3ನೆಯ ಆವೃತ್ತಿಯಲ್ಲಿ ಇಂಜೆಕ್ಟ್‌ಮಾಕ್ಸ್ ಸೇರ್ಪಡೆಯಾಯಿತು. ಪರೀಕ್ಷೆ ಬರೆಯುವವರು ಬೇಕಾದ ಪ್ರತಿಯೊಂದು ಮಾಕ್‌ನ ಮೇಲೂ ‘ಮಾಕ್’ ಎಂಬ ಗುರುತನ್ನೂ, ಪರೀಕ್ಷೆಗೊಳಪಡುವ ಕ್ಲಾಸಿನ ಮೇಲೆ ‘ಇಂಜೆಕ್ಟ್‌ಮಾಕ್ಸ್’ ಎಂಬ ಗುರುತನ್ನೂ ಇಡುತ್ತಾರೆ. ಇಲ್ಲಿ ಮಾಕ್‌ಗಳನ್ನು ಘೋಷಿಸುವ ಹೊಣೆ ಬರೆಯುವವರದೇ. ಜೋಡಣೆ ಮಾತ್ರ ಸ್ವಯಂಚಾಲಿತ. ಪರೀಕ್ಷೆ ಆರಂಭವಾಗುವ ಮುನ್ನ ಲೈಬ್ರರಿಯು ಕ್ಲಾಸಿನ ರಚನೆಯನ್ನು ರಿಫ್ಲೆಕ್ಷನ್ ಎಂಬ ಜಾವಾ ಸೌಲಭ್ಯದ ಮೂಲಕ ಓದಿ, ಮೂರು ಮಾರ್ಗಗಳನ್ನು ಒಂದಾದ ಮೇಲೊಂದರಂತೆ ಪರಿಗಣಿಸುತ್ತದೆ.

ಮೊದಲನೆಯದು ಕನ್‌ಸ್ಟ್ರಕ್ಟರ್ ಮಾರ್ಗ. ಹಲವು ಕನ್‌ಸ್ಟ್ರಕ್ಟರುಗಳಿದ್ದರೆ ಅತಿ ಹೆಚ್ಚು ಅವಲಂಬನೆಗಳನ್ನು ಕೇಳುವುದನ್ನು ಆರಿಸಿ, ಪರೀಕ್ಷೆಯಲ್ಲಿ ಘೋಷಿತವಾದ ಮಾಕ್‌ಗಳನ್ನು ಅದಕ್ಕೆ ಕೊಡಲಾಗುತ್ತದೆ. ಈ ಮಾರ್ಗದಿಂದ ಆಬ್ಜೆಕ್ಟ್ ಸಿದ್ಧವಾಯಿತೆಂದರೆ ಉಳಿದೆರಡು ಮಾರ್ಗಗಳತ್ತ ಲೈಬ್ರರಿ ತಿರುಗಿಯೂ ನೋಡುವುದಿಲ್ಲ. ಕೆಲವು ಅವಲಂಬನೆಗಳನ್ನು ಕನ್‌ಸ್ಟ್ರಕ್ಟರಿನಿಂದಲೂ ಕೆಲವನ್ನು ಫೀಲ್ಡಿನಿಂದಲೂ ಪಡೆಯುವ ಕ್ಲಾಸುಗಳಲ್ಲಿ ಫೀಲ್ಡುಗಳು ಖಾಲಿ ಉಳಿಯುವುದು ಇದರಿಂದಲೇ. ಹೊಸಬರನ್ನು ಬಹಳವಾಗಿ ತಬ್ಬಿಬ್ಬುಗೊಳಿಸುವ ಸಂಗತಿಯಿದು.

ಕನ್‌ಸ್ಟ್ರಕ್ಟರ್ ಏನನ್ನೂ ಕೇಳದಿದ್ದರೆ ಸೆಟ್ಟರ್ ಮಾರ್ಗ, ಅದೂ ಇಲ್ಲದಿದ್ದರೆ ನೇರವಾಗಿ ಫೀಲ್ಡ್ ಮಾರ್ಗ. ಈ ಎರಡರಲ್ಲೂ ಮೊದಲು ನೋಡುವುದು ಬಗೆಯನ್ನು, ಅಂದರೆ ಟೈಪನ್ನು. ಒಂದೇ ಬಗೆಯ ಹಲವು ಸ್ಥಾನಗಳಿದ್ದಾಗ ಮಾಕ್‌ನ ಹೆಸರಿಗೂ ಸ್ಥಾನದ ಹೆಸರಿಗೂ ಹೊಂದಿಕೆಯಿದೆಯೇ ಎಂದು ನೋಡಲಾಗುತ್ತದೆ. ಪೋಷಕರಿಗೆ ಒಂದು, ವಿದ್ಯಾರ್ಥಿಗೆ ಒಂದು ಹೀಗೆ ಎರಡು ಸಂದೇಶ ಸೇವೆಗಳಿದ್ದರೆ ಈ ಹೆಸರುಗಳೇ ಗತಿ. ಕ್ಲಾಸಿನೊಳಗಿನ ಹೆಸರನ್ನು ಯಾರಾದರೂ ಬದಲಿಸಿ ಪರೀಕ್ಷೆಯಲ್ಲಿ ಬದಲಿಸಲು ಮರೆತರೆ ಜೋಡಣೆ ಕೆಡುತ್ತದೆ. ಅಂತಿಮವೆಂದು, ಅಂದರೆ ‘ಫೈನಲ್’ ಎಂದು, ಗುರುತಿಸಿದ ಫೀಲ್ಡುಗಳನ್ನೂ ‘ಸ್ಟಾಟಿಕ್’ ಫೀಲ್ಡುಗಳನ್ನೂ ಈ ಸೌಲಭ್ಯ ತುಂಬುವುದಿಲ್ಲ.

ಆಟೋಫಿಕ್ಸ್ಚರ್

ಡಾಟ್‌ನೆಟ್ ವೇದಿಕೆಗಾಗಿ ಮಾರ್ಕ್ ಸೀಮನ್ ರಚಿಸಿದ ಆಟೋಫಿಕ್ಸ್ಚರ್ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಅಂಕಿ, ಅಕ್ಷರಮಾಲೆ ಮೊದಲಾದ ಸಾಮಾನ್ಯ ಮೌಲ್ಯಗಳನ್ನೂ ಅದೇ ಸೃಷ್ಟಿಸುತ್ತದೆ. ಮಾಕ್ ಲೈಬ್ರರಿಯೊಂದನ್ನು ಅದಕ್ಕೆ ಸೇರಿಸಿದರೆ, ಘೋಷಿಸದ ಅವಲಂಬನೆಗಳಿಗೂ ತಾನಾಗಿ ಮಾಕ್‌ಗಳನ್ನು ಒದಗಿಸುತ್ತದೆ. ಮೇಲಿನ ಉದಾಹರಣೆಯಲ್ಲಿ ದಾಖಲೆ ಪುಸ್ತಕ ಹೊಸದಾಗಿ ಸೇರಿದರೂ ಹಳೆಯ ನಲವತ್ತು ಪರೀಕ್ಷೆಗಳನ್ನು ಮುಟ್ಟಬೇಕಾಗುವುದಿಲ್ಲ. ನಿರ್ದಿಷ್ಟ ಮಾಕ್ ಒಂದನ್ನು ಪರೀಕ್ಷೆಯಲ್ಲಿ ಹಿಡಿದಿಡಬೇಕಾದರೆ ಅದನ್ನು ‘ಫ್ರೀಜ್’ ಮಾಡುತ್ತಾರೆ. ಆ ಬಗೆಯ ಆಬ್ಜೆಕ್ಟನ್ನು ಕೇಳಿದ ಕಡೆಗೆಲ್ಲ ಅದೇ ಒಂದು ಹೋಗುತ್ತದೆ. ಕುತೂಹಲದ ವಿಷಯವೆಂದರೆ, ಮಾಕಿಟೋ ಅತಿ ಹೆಚ್ಚು ಕೇಳುವ ಕನ್‌ಸ್ಟ್ರಕ್ಟರನ್ನು ಆರಿಸಿದರೆ ಆಟೋಫಿಕ್ಸ್ಚರ್ ಬೇರೆ ಸೂಚನೆಯಿಲ್ಲದಿದ್ದಲ್ಲಿ ಅತಿ ಕಡಿಮೆ ಕೇಳುವುದನ್ನು ಆರಿಸುತ್ತದೆ. ಒಂದರ ಅಭ್ಯಾಸವಿದ್ದವರು ಇನ್ನೊಂದಕ್ಕೆ ಬಂದಾಗ ಇದನ್ನು ಗಮನದಲ್ಲಿಡಬೇಕು.

ಮೌನ ವೈಫಲ್ಯ

ಈ ವಿಧಾನದ ಬಗೆಗಿನ ಮುಖ್ಯ ಟೀಕೆ ಇಂಜೆಕ್ಟ್‌ಮಾಕ್ಸ್‌ನ ಒಂದು ನಡವಳಿಕೆಯನ್ನು ಕುರಿತದ್ದು. ಕನ್‌ಸ್ಟ್ರಕ್ಟರ್ ಕೇಳಿದ ಅವಲಂಬನೆಗೆ ತಕ್ಕ ಮಾಕ್ ಸಿಗದಿದ್ದರೆ ಅದು ‘ನಲ್’ ಅನ್ನು, ಎಂದರೆ ಶೂನ್ಯ ಸೂಚಕವನ್ನು, ಕೊಟ್ಟು ಮುಂದುವರಿಯುತ್ತದೆ. ಪೂರೈಕೆ ವಿಫಲವಾಯಿತೆಂದು ವರದಿ ಮಾಡುವುದಿಲ್ಲ. ಇದು ಅಡಗಿಸಿಟ್ಟ ದೋಷವೇನೂ ಅಲ್ಲ. ಲೈಬ್ರರಿಯ ಅಧಿಕೃತ ಕೈಪಿಡಿಯಲ್ಲೇ ಈ ಮಾತಿದೆ, ಮಾಕಿಟೋ ಪೂರ್ಣ ಪ್ರಮಾಣದ ಪೂರೈಕೆ ಕಂಟೇನರ್ ಅಲ್ಲವೆಂಬ ಎಚ್ಚರಿಕೆಯೂ ಇದೆ. ಕೈಪಿಡಿ ಓದುವ ವ್ಯವಧಾನ ಎಲ್ಲರಿಗೂ ಇರುವುದಿಲ್ಲ ಎಂಬುದೇ ತೊಡಕು.

ಪರೀಕ್ಷೆ ಬರೆಯುವವರೇ ಕನ್‌ಸ್ಟ್ರಕ್ಟರನ್ನು ಕರೆದಿದ್ದರೆ, ನಾಲ್ಕನೆಯ ಅವಲಂಬನೆ ಸೇರಿದ ಕೂಡಲೇ ಕಂಪೈಲರ್ ತಡೆದು ನಿಲ್ಲಿಸುತ್ತದೆ. ಇಂಜೆಕ್ಟ್‌ಮಾಕ್ಸ್ ಇದ್ದಲ್ಲಿ ಕಂಪೈಲರಿಗೆ ಏನೂ ಕಾಣುವುದಿಲ್ಲ. ಕ್ಲಾಸ್ ಆ ಖಾಲಿ ಸ್ಥಾನವನ್ನು ಬಳಸಲು ಹೋದಾಗ ಮಾತ್ರ ಪರೀಕ್ಷೆ ಮುರಿದು ಬೀಳುತ್ತದೆ. ಮುರಿದು ಬಿದ್ದರೆ ಅದೇ ಪುಣ್ಯ ಎನ್ನಬೇಕು. ಹೆಚ್ಚು ಅಪಾಯಕಾರಿಯಾದದ್ದು ಮುರಿಯದೆ ಉಳಿಯುವ ಪರೀಕ್ಷೆ.

ಅನುತ್ತೀರ್ಣನಾದವನಿಗೆ ತೇರ್ಗಡೆಯ ಸಂದೇಶ ಹೋಗಬಾರದು ಎಂಬ ನಿಯಮವನ್ನು ಪರೀಕ್ಷಿಸುವ ಸಂದರ್ಭವನ್ನು ತೆಗೆದುಕೊಳ್ಳೋಣ. ಅಂಕಭಂಡಾರದ ಮಾಕ್‌ಗೆ 34 ಎಂದು ಉತ್ತರಿಸಲು ಹೇಳಿಕೊಡಬೇಕು. ಸಂದೇಶ ಸೇವೆಯ ಮಾಕ್ ಒಮ್ಮೆಯೂ ಕರೆಯಲ್ಪಟ್ಟಿಲ್ಲ ಎಂದು ಕೊನೆಯಲ್ಲಿ ಖಚಿತಪಡಿಸಿಕೊಳ್ಳಬೇಕು. ಬರೆಯುವವರು 34 ಎಂದು ಹೇಳಿಕೊಡಲು ಮರೆತರೆನ್ನಿ. ಏನನ್ನೂ ಹೇಳಿಕೊಡದ ಮಾಕ್ ಅಂಕಿಯನ್ನು ಕೇಳಿದಾಗ 0 ಎನ್ನುತ್ತದೆ. ಸೊನ್ನೆಯೂ 35ಕ್ಕಿಂತ ಕಡಿಮೆಯೇ. ಸಂದೇಶ ಹೋಗುವುದಿಲ್ಲ, ಪರೀಕ್ಷೆ ಹಸಿರು ಬಣ್ಣ ತೋರಿಸುತ್ತದೆ. ಕ್ಲಾಸಿನಲ್ಲಿ 35ರ ಬದಲು 30 ಎಂದು ತಪ್ಪಾಗಿ ಬರೆದಿದ್ದರೂ ಅದೇ ಹಸಿರು! ಇನ್ನು ಸಂದೇಶ ಸೇವೆಯ ಮಾಕ್ ಕ್ಲಾಸಿನೊಳಕ್ಕೆ ತಲುಪಿಯೇ ಇರದಿದ್ದರೆ, ಅದನ್ನು ಯಾರೂ ಕರೆದಿಲ್ಲವೆಂಬ ಮಾತು ಯಾವಾಗಲೂ ನಿಜವೇ ಆಗಿರುತ್ತದೆ. ಸೇವೆ ಇದ್ದರೆ ಮಾತ್ರ ಕಳುಹಿಸು ಎಂಬ ಎಚ್ಚರಿಕೆಯ ಸಾಲೊಂದು ಕ್ಲಾಸಿನಲ್ಲಿದ್ದರಂತೂ ತಪ್ಪನ್ನು ಹೊರಗೆಡಹುವ ಕೊನೆಯ ದಾರಿಯೂ ಮುಚ್ಚುತ್ತದೆ. ಪ್ರಶ್ನೆಪತ್ರಿಕೆಯೇ ತಲುಪದ ಕೊಠಡಿಯಲ್ಲಿ ಯಾರೂ ನಕಲು ಮಾಡಲಿಲ್ಲವೆಂದು ವರದಿ ಬರೆದಂತೆ ಇದು.

ಇದಕ್ಕೆ ಕೆಲವು ಪರಿಹಾರಗಳಿವೆ. ಜೆಯೂನಿಟ್ 5ರೊಂದಿಗೆ ಬಳಸುವ ಮಾಕಿಟೋ ವಿಸ್ತರಣೆಯು, ಹೇಳಿಕೊಟ್ಟ ಉತ್ತರವನ್ನು ಯಾರೂ ಕೇಳದೆ ಹೋದರೆ ಪರೀಕ್ಷೆಯನ್ನು ವಿಫಲಗೊಳಿಸುತ್ತದೆ. ಮಾಕ್ ತನ್ನ ಸ್ಥಾನವನ್ನು ತಲುಪಿಲ್ಲವೆಂಬುದು ಎಷ್ಟೋ ವೇಳೆ ಈ ಕಟ್ಟುನಿಟ್ಟಿನಿಂದಲೇ ಬೆಳಕಿಗೆ ಬರುತ್ತದೆ. ‘ಆಗಬಾರದು’ ಎಂಬ ಪ್ರತಿ ಪರೀಕ್ಷೆಗೂ ಜೊತೆಯಾಗಿ ‘ಆಗಲೇಬೇಕು’ ಎಂಬ ಇನ್ನೊಂದನ್ನು ಇಡುವುದು ಮತ್ತೊಂದು ಉಪಾಯ: 34ಕ್ಕೆ ಸಂದೇಶ ಹೋಗಬಾರದು, 35ಕ್ಕೆ ಹೋಗಲೇಬೇಕು. ಮಾಕ್ ತಲುಪದಿದ್ದರೆ ಎರಡನೆಯದು ಬೀಳುತ್ತದೆ.

ವಿನ್ಯಾಸದ ಕುರಿತ ವಾದ

ಎರಡನೆಯ ಟೀಕೆ ಇನ್ನೂ ಆಳವಾದದ್ದು. ಒಂದು ಕ್ಲಾಸಿಗೆ ಒಂಬತ್ತು ಅವಲಂಬನೆಗಳಿದ್ದರೆ ಅದರ ಪರೀಕ್ಷೆಯನ್ನು ಕೈಯಿಂದ ಜೋಡಿಸುವುದು ದೊಡ್ಡ ತಲೆನೋವು. ಆದರೆ ಆ ನೋವೇ ರೋಗದ ಸೂಚನೆ. ಕ್ಲಾಸ್ ತನ್ನ ಮಿತಿಗೆ ಮೀರಿದ ಕೆಲಸಗಳನ್ನು ಹೊತ್ತಿದೆ ಎಂದು ಅದು ಹೇಳುತ್ತಿರುತ್ತದೆ. ಸ್ಟೀವ್ ಫ್ರೀಮನ್ ಮತ್ತು ನ್ಯಾಟ್ ಪ್ರೈಸ್ 2009ರ ತಮ್ಮ ಗ್ರಂಥದಲ್ಲಿ, ಪರೀಕ್ಷೆ ಬರೆಯುವಾಗಿನ ತೊಡಕುಗಳಿಗೆ ಕಿವಿಗೊಡಬೇಕೆಂದು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಕನ್‌ಸ್ಟ್ರಕ್ಟರಿನ ಮೇಲೆ ಅತಿಯಾದ ಪೂರೈಕೆ ಒಂದು ವಿನ್ಯಾಸದೋಷವೆಂದು ಸೀಮನ್ 2011ರ ತಮ್ಮ ಪುಸ್ತಕದಲ್ಲಿ ಚರ್ಚಿಸಿದ್ದಾರೆ. ಸ್ವಯಂಚಾಲಿತ ಸಾಧನವೊಂದನ್ನು ಕಟ್ಟಿದವರೇ ಇದನ್ನು ಬರೆದಿರುವುದು ಗಮನಾರ್ಹ.

ಜೋಡಣೆಯು ಕಣ್ಣಿಗೆ ಬೀಳದಂತಾದರೆ ಈ ಸೂಚನೆ ಕೇಳಿಸುವುದಿಲ್ಲ ಎಂಬುದು ಟೀಕಾಕಾರರ ವಾದ. ಅವಲಂಬನೆಗಳ ಸಂಖ್ಯೆ ಕ್ಲಾಸಿನಲ್ಲೇ ಕಾಣುತ್ತದೆ, ಅದನ್ನು ತಿಳಿಯಲು ಪರೀಕ್ಷೆಯಲ್ಲಿ ಬಳಲಬೇಕಿಲ್ಲ ಎಂಬುದು ಬೆಂಬಲಿಗರ ಉತ್ತರ. ಎರಡರಲ್ಲೂ ಹುರುಳಿದೆಯಾದರೂ, ದಿನನಿತ್ಯದ ಕೆಲಸದಲ್ಲಿ ಜನ ತಿದ್ದಿಕೊಳ್ಳುವುದು ತಮಗೆ ತೊಂದರೆ ಕೊಡುವುದನ್ನೇ ಹೊರತು ಸುಮ್ಮನೆ ಕಾಣುವುದನ್ನಲ್ಲ. ಈ ದೃಷ್ಟಿಯಿಂದ ಮೊದಲ ವಾದವೇ ಹೆಚ್ಚು ತೂಕದ್ದಾಗಿ ತೋರುತ್ತದೆ.

ಸಂಬಂಧಿತ ವಿಧಾನಗಳು

ಸ್ಪ್ರಿಂಗ್ ಬಳಸುವ ತಂತ್ರಾಂಶಗಳಲ್ಲಿ ನಿಜವಾದ ಕಂಟೇನರನ್ನೇ ಪರೀಕ್ಷೆಯಲ್ಲಿ ಚಾಲನೆಗೊಳಿಸಿ, ಅದರೊಳಗಿನ ಆಯ್ದ ಭಾಗಕ್ಕೆ ಮಾತ್ರ ಮಾಕ್ ಇಡುವ ಪದ್ಧತಿಯೂ ಇದೆ. 2016ರ ಸ್ಪ್ರಿಂಗ್ ಬೂಟ್ 1.4ರಲ್ಲಿ ‘ಮಾಕ್‌ಬೀನ್’ ಎಂಬ ಗುರುತು ಇದಕ್ಕಾಗಿ ಬಂದಿತು. 2024ರಲ್ಲಿ ಅದರ ಸ್ಥಾನವನ್ನು ‘ಮಾಕಿಟೋಬೀನ್’ ಪಡೆಯಿತು. ಇಲ್ಲಿ ಅವಲಂಬನೆ ಸಿಗದಿದ್ದರೆ ಕಂಟೇನರ್ ಆರಂಭದಲ್ಲೇ ನಿಂತುಬಿಡುವುದರಿಂದ ಮೌನ ವೈಫಲ್ಯದ ಭಯ ಕಡಿಮೆ. ಆದರೆ ಕಂಟೇನರ್ ಏಳಲು ಸಮಯ ಹಿಡಿಯುತ್ತದೆ. ಒಮ್ಮೆ ಎದ್ದದ್ದನ್ನು ಮುಂದಿನ ಪರೀಕ್ಷೆಗಳಿಗೂ ಕಾದಿರಿಸಲಾಗುವುದಾದರೂ, ಮಾಕ್‌ಗಳ ಗುಂಪು ಬದಲಾದರೆ ಹೊಸದೊಂದು ಏಳಬೇಕು. ಕಟ್ಟುನಿಟ್ಟಾಗಿ ಹೇಳುವುದಾದರೆ ಇದು ಘಟಕ ಪರೀಕ್ಷೆಯೂ ಅಲ್ಲ.

ಪೈಥಾನ್ ಭಾಷೆಯ ಪೈಟೆಸ್ಟ್‌ನಲ್ಲಿ ಪೂರೈಕೆ ನಡೆಯುವುದು ಕ್ಲಾಸಿಗಲ್ಲ, ಪರೀಕ್ಷೆಯ ಫಂಕ್ಷನ್ನಿಗೆ. ಫಂಕ್ಷನ್ ಕೇಳಿದ ಹೆಸರಿನ ‘ಫಿಕ್ಸ್ಚರ್’ ಇದ್ದರೆ ಅದನ್ನು ಒದಗಿಸಲಾಗುತ್ತದೆ, ಇಲ್ಲದಿದ್ದರೆ ಆ ಹೆಸರನ್ನೇ ತೋರಿಸಿ ದೋಷವನ್ನು ವರದಿ ಮಾಡಲಾಗುತ್ತದೆ.

ಲೈಬ್ರರಿಯ ನೆರವಿಲ್ಲದೆಯೂ ತಿದ್ದುಪಡಿಯ ಹೊರೆಯನ್ನು ಇಳಿಸಬಹುದು. ಕನ್‌ಸ್ಟ್ರಕ್ಟರನ್ನು ನಲವತ್ತು ಕಡೆ ಕರೆಯುವ ಬದಲು, ಆಬ್ಜೆಕ್ಟನ್ನು ರಚಿಸಿಕೊಡುವ ಒಂದು ಸಹಾಯಕ ವಿಧಿಯನ್ನು ಪರೀಕ್ಷೆಗಳ ಕಡತದಲ್ಲೇ ಬರೆದು, ಎಲ್ಲ ಪರೀಕ್ಷೆಗಳೂ ಅದನ್ನು ಕರೆಯುವಂತೆ ಮಾಡಿದರೆ ಸಾಕು. ದಾಖಲೆ ಪುಸ್ತಕ ಸೇರಿದ ದಿನ ಕಂಪೈಲರ್ ಆ ಒಂದು ಸಾಲನ್ನು ತೋರಿಸುತ್ತದೆ, ತಿದ್ದಬೇಕಾದದ್ದೂ ಅದೊಂದನ್ನೇ.